ಚಾಕೊಲೇಟ್ ಊರಿನಲ್ಲಿ ಪಥ್ಯ

ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ ಬೀದಿದೀಪಕ್ಕೂ ಮಿಠಾಯಿಯ ಆಕಾರ. ಊರ ನಡುವೆ ಹಾಯುವ ರಸ್ತೆಯ ಹೆಸರೇ ಚಾಕೊಲೇಟ್ ಅವೆನ್ಯೂ. ಅದರ ಉದ್ದಕ್ಕೂ ಕಂಬಗಳ ನೆತ್ತಿಯ ಮೇಲೆ ‘ಹರ್ಷೀಸ್ ಕಿಸ್’ ಎಂಬ ಮೊನಚು ತುದಿಯ ಚಾಕೊಲೇಟನ್ನೇ ದೊಡ್ಡದು ಮಾಡಿ ಕೂರಿಸಿದ್ದಾರೆ. ಒಂದು ಬೆಳ್ಳಿಕಾಗದ ಸುತ್ತಿದ್ದು, ಇನ್ನೊಂದು ಕಾಗದ ಬಿಚ್ಚಿದ್ದು. ಅಡ್ಡ ಹಾಯುವ ರಸ್ತೆ ಕೋಕೊ ಅವೆನ್ಯೂ. ಸುತ್ತಲಿನ ಬೀದಿಗಳಿಗೆ ಜಾವಾ, ಟ್ರಿನಿಡಾಡ್, ಕರಾಕಸ್ ಎಂದು ಕೋಕೊ ಬೆಳೆಯುವ ಸೀಮೆಗಳ ಹೆಸರು. 2024ರ ಅಕ್ಟೋಬರ್ ಕೊನೆಯಲ್ಲಿ, ಹ್ಯಾಲೊವೀನ್ ಹಬ್ಬಕ್ಕೆ ಮುಂಚಿನ ಶನಿವಾರ, ಮೈಸೂರಿನ ಕುವೆಂಪುನಗರದ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಆ ದೀಪಗಳ ಕೆಳಗೆ ಮೊಮ್ಮಗಳ ಕೈ ಹಿಡಿದು ನಿಂತಿದ್ದರು. ಅವರ ಕೈಚೀಲದಲ್ಲಿ ಒಂದು ಗ್ಲುಕೋಮೀಟರ್, ಒಂದು ಡಬ್ಬಿ ಹುರಿದ ಬಾದಾಮಿ, ಬೆಳಗ್ಗೆ ಮಗಳು ಕಟ್ಟಿಕೊಟ್ಟ ಪನೀರ್ ಪಲ್ಯ.

ಟೀಚರಿಗೆ ಶುಗರ್ ಬಂದು ವರ್ಷಗಳಾಗಿವೆ. ಮಾತ್ರೆ ಹೆಚ್ಚುತ್ತ ಹೋಯಿತೇ ಹೊರತು, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇಳಿಯಲಿಲ್ಲ. ಕೊನೆಗೆ ಮೈಸೂರಿನ ವೈದ್ಯರು ತಟ್ಟೆಯನ್ನೇ ಬದಲಾಯಿಸಲು ಹೇಳಿದರು. ಅನ್ನ, ಇಡ್ಲಿ, ಅವಲಕ್ಕಿ ಹಿಂದಕ್ಕೆ ಸರಿದವು. ಸೊಪ್ಪು, ಹುರುಳಿಕಾಯಿ, ಮೊಟ್ಟೆ, ಪನೀರ್, ಮೊಸರು, ಕಡಲೆಕಾಯಿ ಮುಂದೆ ಬಂದವು. ಅವರಿಗೆ ಬೇಸರ ತರಿಸಿದ ಸುದ್ದಿ ರಾಗಿಯದು. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂದು ಹಳೇ ಮೈಸೂರು ಸೀಮೆಯಲ್ಲಿ ಎಲ್ಲರೂ ನಂಬಿದ್ದಾರೆ. ಆದರೆ ರಾಗಿ ಹಿಟ್ಟಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ (ಇಲ್ಲಿ ಪಿಷ್ಟವೆಂದರೆ ಸಕ್ಕರೆಯೂ ಸೇರಿದ ಕಾರ್ಬೋಹೈಡ್ರೇಟ್). ನಾರು, ಸುಣ್ಣದಂಶ ಹೆಚ್ಚಿರುವುದು ನಿಜ. ಮುದ್ದೆಯ ಗಾತ್ರ ದೊಡ್ಡದಿದ್ದರೆ ಅದರಿಂದ ದೊಡ್ಡ ಲಾಭವಿಲ್ಲ ಎಂಬುದೂ ಅಷ್ಟೇ ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ದೇಶದ ಮಧುಮೇಹಿಗಳು ಸುಮಾರು 10 ಕೋಟಿ. ಅದೇ ಅಧ್ಯಯನದ ಇನ್ನೊಂದು ವರದಿಯ ಪ್ರಕಾರ ನಮ್ಮವರ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟದಿಂದಲೇ. ಹೀಗಿರುವಾಗ ತಟ್ಟೆಯಲ್ಲಿ ಪಿಷ್ಟ ತಗ್ಗಿಸಿ ಎಂಬ ಸಲಹೆ ಪಾಶ್ಚಾತ್ಯರ ಶೋಕಿಯಲ್ಲ. ಅಮೆರಿಕದ ಮಧುಮೇಹ ಸಂಘ ಕೂಡ 2019ರ ತನ್ನ ವರದಿಯಲ್ಲಿ, ರಕ್ತದ ಸಕ್ಕರೆ ಹತೋಟಿಗೆ ಬರಲು ಒಟ್ಟು ಪಿಷ್ಟ ಕಡಿಮೆ ಮಾಡುವುದಕ್ಕೇ ಹೆಚ್ಚು ಪುರಾವೆ ಇದೆ ಎಂದು ಹೇಳಿದೆ. ದಿನಕ್ಕೆ 130 ಗ್ರಾಂ ಒಳಗಿದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಊಟ ಎನ್ನುತ್ತಾರೆ. ಒಂದು ಲೋಟದಷ್ಟು ಅನ್ನದಲ್ಲೇ 45 ಗ್ರಾಂ ಹೋಗಿಬಿಡುತ್ತದೆ.

ಊಟ ಬದಲಾದ ಮೇಲೆ ವೈದ್ಯರು ಗ್ಲಿಮಿಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ನಿಲ್ಲಿಸಿದರು. ಇದನ್ನು ಯಾರೂ ತಾವಾಗಿ ಮಾಡುವಂತಿಲ್ಲ. ಆ ಮಾತ್ರೆ ಅಥವಾ ಇನ್ಸುಲಿನ್ ಹಾಗೇ ಇಟ್ಟುಕೊಂಡು ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೇರೆ ಕೆಲವು ಮಾತ್ರೆಗಳ ಜತೆ ಪಿಷ್ಟ ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಭಯವಿದೆ. ಟೀಚರು ವೈದ್ಯರನ್ನು ಕೇಳಿಯೇ ವಿಮಾನ ಹತ್ತಿದವರು.

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಯಿಂದ ಹರ್ಷಿಗೆ ಕಾರಿನಲ್ಲಿ ಎರಡೂವರೆ ಗಂಟೆ. ದಾರಿಯೇ ಒಂದು ಮಿಠಾಯಿ ಸೀಮೆ. 78ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಉತ್ತರದಲ್ಲಿ ಹ್ಯಾಕೆಟ್ಸ್‌ಟೌನ್ ಉಳಿಯುತ್ತದೆ. ಎಂ ಅಂಡ್ ಎಂ ಚಾಕೊಲೇಟ್ ಗುಳಿಗೆಗಳ ದೊಡ್ಡ ಕಾರ್ಖಾನೆ ಅಲ್ಲಿದೆ. ಗಡಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಬಂದರೆ ಬೆತ್ಲಹೆಮ್. ರಷ್ಯಾದಿಂದ ವಲಸೆ ಬಂದ ಸ್ಯಾಮ್ ಬಾರ್ನ್ ಕಟ್ಟಿದ ‘ಜಸ್ಟ್ ಬಾರ್ನ್’ ಕಂಪನಿ 1932ರಿಂದ ಅಲ್ಲಿ ಬೀಡುಬಿಟ್ಟಿದೆ. ‘ಪೀಪ್ಸ್’ ಎಂಬ, ಮರಿಕೋಳಿ ಆಕಾರದ ಹಳದಿ ಮಿಠಾಯಿಗಳು ಅಲ್ಲಿಯವು. ಆ ವರ್ಷ ಅಕ್ಟೋಬರಿನಲ್ಲಿ ಮಳೆಯೇ ಇಲ್ಲ. ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ ಕೊನೆಗೆ ನಿಂತ ಮಳೆ ಮತ್ತೆ ಬಿದ್ದದ್ದು ನವೆಂಬರ್ 10ರ ಹೊತ್ತಿಗೆ. ರಸ್ತೆಯ ಇಕ್ಕೆಲದ ಮೇಪಲ್ ಮರಗಳು ಕೆಂಪಾಗಿ, ಎಲೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದವು.

ಹರ್ಷಿ ಊರನ್ನು ಕಟ್ಟಿದ ಮಿಲ್ಟನ್ ಹರ್ಷಿಯ ಕತೆ ಶಾಲೆಯಲ್ಲಿ ಪಾಠ ಮಾಡಿದವರಿಗೆ ಹಿಡಿಸುವಂಥದ್ದು. 1857ರಲ್ಲಿ ಇದೇ ಸುತ್ತಿನಲ್ಲಿ ಹುಟ್ಟಿದವನು. ಫಿಲಡೆಲ್ಫಿಯಾದಲ್ಲಿ ಮಿಠಾಯಿ ಅಂಗಡಿ ಹಾಕಿ ಸೋತ, ನ್ಯೂಯಾರ್ಕ್‌ನಲ್ಲೂ ಸೋತ, ಲ್ಯಾಂಕಾಸ್ಟರ್‌ಗೆ ಬಂದು ಕ್ಯಾರಮೆಲ್‌ನಲ್ಲಿ ಗೆದ್ದ. 1893ರಲ್ಲಿ ಷಿಕಾಗೊ ವಿಶ್ವ ಮೇಳಕ್ಕೆ ಹೋದಾಗ ಜರ್ಮನಿಯ ಚಾಕೊಲೇಟ್ ಯಂತ್ರಗಳನ್ನು ಕಂಡು ಕೊಂಡುತಂದ. (ಸ್ವಾಮಿ ವಿವೇಕಾನಂದರು ಮಾತಾಡಿದ್ದು ಆ ಮೇಳದ ಅಂಗವಾಗಿಯೇ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ.) 1900ರಲ್ಲಿ ಕ್ಯಾರಮೆಲ್ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಮಾರಿ, ಹಾಲು ಧಾರಾಳವಾಗಿ ಸಿಗುವ ಈ ಹುಲ್ಲುಗಾವಲಿನ ಸೀಮೆಯಲ್ಲಿ ಚಾಕೊಲೇಟ್ ಕಾರ್ಖಾನೆ ಎಬ್ಬಿಸಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ತತ್ವಾರ ಬರುತ್ತದೆಂದು ಕ್ಯೂಬಾದಲ್ಲಿ ಕಬ್ಬಿನ ತೋಟ, ಕಾರ್ಖಾನೆ, ಅದಕ್ಕೊಂದು ವಿದ್ಯುತ್ ರೈಲು ಕೂಡ ಮಾಡಿಸಿದ. ಮಕ್ಕಳಿಲ್ಲದ ಅವನೂ ಅವನ ಹೆಂಡತಿ ಕ್ಯಾಥರೀನಳೂ 1909ರಲ್ಲಿ ಅನಾಥ ಹುಡುಗರಿಗಾಗಿ ಶಾಲೆ ತೆರೆದರು. ಮುಂದೆ ತನ್ನ ಆಸ್ತಿಯ ಬಹುಪಾಲನ್ನು ಅದರ ಟ್ರಸ್ಟ್‌ಗೆ ಬರೆದುಕೊಟ್ಟ. ಇವತ್ತು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಡ ಮಕ್ಕಳು ಊಟ, ವಸತಿ, ಓದು ಎಲ್ಲವನ್ನೂ ಬಿಟ್ಟಿಯಾಗಿ ಪಡೆಯುತ್ತಿದ್ದಾರೆ. ಕಂಪನಿಯ ಮೇಲಿನ ಹಿಡಿತ ಈಗಲೂ ಆ ಟ್ರಸ್ಟಿನದೇ. ಸಕ್ಕರೆಯನ್ನು ವೈರಿ ಎಂದು ಬೈದುಕೊಂಡು ಬಂದವರಿಗೆ ಈ ಸಂಗತಿ ತುಸು ತೊಡಕಿನದು. ತೊಡಕಾಗಿಯೇ ಇರಲಿ.

ಕಂಪನಿಯ ‘ಚಾಕೊಲೇಟ್ ವರ್ಲ್ಡ್’ ಎಂಬ ಸಂದರ್ಶಕರ ಕೇಂದ್ರದೊಳಗೆ ಬಿಟ್ಟಿ ಸವಾರಿಯೊಂದಿದೆ. ತಿರುಗುವ ಗಾಡಿಯಲ್ಲಿ ಕೂತರೆ ಹಾಡು ಹೇಳುವ ಯಂತ್ರದ ಹಸುಗಳ ಮುಂದೆ ಹಾಯ್ದು, ಕೋಕೊ ಬೀಜ ಹುರಿಯುವುದರಿಂದ ಹಿಡಿದು ಅಚ್ಚಿಗೆ ಬೀಳುವವರೆಗೆ ಎಲ್ಲ ಹಂತ ತೋರಿಸಿ ಇಳಿಸುತ್ತಾರೆ. ಇಳಿದ ಕೂಡಲೇ ಒಬ್ಬರು ಅಂಗೈಗೆ ಒಂದು ಚಾಕೊಲೇಟ್ ಇಡುತ್ತಾರೆ. ಮೊಮ್ಮಗಳು ಆ ಗಳಿಗೆಯಲ್ಲೇ ಕಾಗದ ಬಿಚ್ಚಿದಳು. ಟೀಚರು ತಮ್ಮದನ್ನು ಬೆರಳಿನಲ್ಲಿ ಹಿಡಿದು ನೋಡಿದರು. ಬೆಳ್ಳಿಕಾಗದ ಸಣ್ಣಗೆ ಸರಕ್ ಅಂದಿತು. ತುದಿಯಲ್ಲಿ ಹೊರಟ ಬಿಳಿ ಪಟ್ಟಿಯ ಮೇಲೆ ಕಂಪನಿಯ ಹೆಸರು. ಒಂದು ಕಿಸ್ ತೂಗುವುದು ನಾಲ್ಕೂವರೆ ಗ್ರಾಂ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಅಂದರೆ ಅರ್ಧ ಚಮಚಕ್ಕೂ ಮೀರಿದ್ದು. ಒಂದೇ ಆದರೆ ಏನೂ ಅಲ್ಲ. ತೊಡಕಿರುವುದು ಅದು ಒಂದಕ್ಕೇ ನಿಲ್ಲುವಂತೆ ಯಾರೂ ಮಾಡಿಲ್ಲವೆಂಬುದರಲ್ಲಿ.

ಇದೇ ಕಂಪನಿ ಒಂದು ಸಲ ಅದಕ್ಕೆ ನೇರ ವಿರುದ್ಧವಾದ ಕೆಲಸ ಮಾಡಿತ್ತು. 1937ರಲ್ಲಿ ಅಮೆರಿಕದ ಸೇನೆಯ ಕ್ಯಾಪ್ಟನ್ ಪಾಲ್ ಲೋಗನ್ ಹರ್ಷಿಗೆ ಬಂದು ಸೈನಿಕರಿಗೊಂದು ತುರ್ತು ಚಾಕೊಲೇಟ್ ಬೇಕೆಂದರು. ನಾಲ್ಕು ಔನ್ಸ್ ತೂಕವಿರಬೇಕು, ಬಿಸಿಲಿಗೆ ಕರಗಬಾರದು, ಶಕ್ತಿ ಹೆಚ್ಚಿರಬೇಕು. ಎಲ್ಲಕ್ಕಿಂತ ವಿಚಿತ್ರವಾದ ಷರತ್ತು ರುಚಿಯದು: ಬೇಯಿಸಿದ ಆಲೂಗಡ್ಡೆಗಿಂತ ತುಸು ಚೆನ್ನಾಗಿದ್ದರೆ ಸಾಕು. ರುಚಿಯಾಗಿದ್ದರೆ ಸೈನಿಕ ಬೇಕಾದ ಹೊತ್ತಿಗೆ ಮುಂಚೆಯೇ ತಿಂದು ಮುಗಿಸುತ್ತಾನೆ ಎಂಬ ಲೆಕ್ಕ. ಕಂಪನಿಯ ರಸಾಯನ ತಜ್ಞ ಸ್ಯಾಮ್ ಹಿಂಕಲ್ ಓಟ್ಸ್ ಹಿಟ್ಟು ಬೆರೆಸಿ ಮಾಡಿದ ಆ ಗಟ್ಟಿ ಬಿಲ್ಲೆ ಕಹಿಯಾಗಿತ್ತು. ಹಲ್ಲಿನಲ್ಲಿ ಕಚ್ಚಲಾಗದೆ ಚಾಕುವಿನಿಂದ ಕೆರೆದು ತಿನ್ನುತ್ತಿದ್ದರಂತೆ. ಸೈನಿಕರು ಬೈದರು. ಆದರೂ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಕಂಪನಿ ಅಂಥ ಚಾಕೊಲೇಟುಗಳನ್ನು ಕೋಟಿಗಟ್ಟಲೆ ಮಾಡಿ ಕಳಿಸಿತ್ತು.

ಟೀಚರಿಗೆ ಆ ಪ್ರವಾಸದಲ್ಲಿ ಸಿಕ್ಕ ಅತಿ ಉಪಯುಕ್ತ ಪಾಠ ಇದೇ. ಆಸೆಯನ್ನು ಎದುರಿಸುವ ಹೊಣೆಯನ್ನು ಸೇನೆ ಸೈನಿಕನ ಸಂಯಮಕ್ಕೆ ಬಿಡಲಿಲ್ಲ, ಚಾಕೊಲೇಟಿನ ಹದಕ್ಕೇ ಒಪ್ಪಿಸಿತು. ಸಂಯಮವೆನ್ನುವುದು ಹಸಿವಾದಾಗ, ದಣಿದಾಗ, ರಾತ್ರಿ ಹತ್ತು ಗಂಟೆಗೆ ಕೈಕೊಡುತ್ತದೆ ಎಂದು ಸೇನೆಯ ಅಡುಗೆ ಇಲಾಖೆಗೆ ಗೊತ್ತಿತ್ತು. ನಮ್ಮಲ್ಲಿ ಶುಗರ್ ಇರುವವರಿಗೆ ಮನೆಯವರು ಹೇಳುವ ಬುದ್ಧಿಮಾತು ಮಾತ್ರ ಬಾಯಿ ಕಟ್ಟಿಕೊಳ್ಳಿ ಎಂಬುದೊಂದೇ. ಡಬ್ಬಿ ಎಲ್ಲಿದೆ, ಅದರಲ್ಲಿ ಏನಿದೆ, ಯಾರ ಕೈಗೆ ಎಟುಕುತ್ತದೆ ಎಂದು ವಿಚಾರಿಸುವವರು ಅಪರೂಪ.

ಚಾಕೊಲೇಟ್ ವರ್ಲ್ಡ್‌ನ ಅಂಗಡಿಯ ಒಂದು ಮೂಲೆಯಲ್ಲಿ ಸಕ್ಕರೆ ಇಲ್ಲದ ಚಾಕೊಲೇಟುಗಳೂ ಇದ್ದವು. ಅಳಿಯ ಸಂಭ್ರಮದಿಂದ ಒಂದು ಪೊಟ್ಟಣ ಎತ್ತಿಕೊಂಡು ಬಂದರು. “ಅತ್ತೆ, ಇದು ನಿಮಗೆ. ಸಕ್ಕರೆ ಸೊನ್ನೆ.” ಟೀಚರು ಕನ್ನಡಕ ಏರಿಸಿ ಹಿಂಬದಿ ಓದಿದರು. ಅಮೆರಿಕದ ಲೇಬಲ್ ಓದಲು ಕಲಿತರೆ ಅರ್ಧ ಪಥ್ಯ ಕಲಿತಂತೆ. ಒಟ್ಟು ಪಿಷ್ಟ ಎಷ್ಟು, ಅದರಲ್ಲಿ ನಾರೆಷ್ಟು, ಬೆರೆಸಿದ ಸಕ್ಕರೆ ಎಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಮುದ್ರಿಸುತ್ತಾರೆ. ಬೆರೆಸಿದ ಸಕ್ಕರೆಯ ಸಾಲು ಬಂದದ್ದು 2016ರ ನಿಯಮದಿಂದ. ಸಕ್ಕರೆಯ ಬದಲು ಇಂಥ ತಿನಿಸಿಗೆ ಸಾಮಾನ್ಯವಾಗಿ ಹಾಕುವುದು ಮಾಲ್ಟಿಟಾಲ್. ಅದು ಸಕ್ಕರೆಗಿಂತ ನಿಧಾನವಾಗಿ, ಕಡಿಮೆಯಾಗಿ ಗ್ಲುಕೋಸ್ ಏರಿಸುತ್ತದೆ, ಏರಿಸುವುದಂತೂ ಹೌದು. ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ಎರಿಥ್ರಿಟಾಲ್ ಗ್ಲುಕೋಸನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಆದರೆ 2023ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು ರಕ್ತದಲ್ಲಿ ಅದು ಹೆಚ್ಚಿರುವವರಿಗೂ ಹೃದಯಾಘಾತಕ್ಕೂ ನಂಟು ಕಂಡರು. ಅದೇ ಕಾರಣವೆಂದು ಸಾಬೀತಾಗಿಲ್ಲ. “ಬೇಡಪ್ಪಾ, ಇದು ತಿಂದರೆ ನಾಲಿಗೆ ಮತ್ತೆ ಸಿಹಿ ಬೇಡೋಕೆ ಶುರು ಮಾಡತ್ತೆ” ಎಂದು ಅವರು ಪೊಟ್ಟಣ ವಾಪಸ್ ಇಡಿಸಿದರು. ಬಹಳ ಮಂದಿ ಪಥ್ಯದವರು ಈ ಕಾರಣವನ್ನು ಅನುಭವದಿಂದ ಒಪ್ಪುತ್ತಾರೆ.

ವಾಪಸಾಗುವಾಗ ಲ್ಯಾಂಕಾಸ್ಟರ್ ಕಡೆಯ ದಾರಿ ಹಿಡಿದರು. ಅಮಿಶ್ ಜನರ ಹೊಲಗಳು, ಕುದುರೆ ಸಾರೋಟುಗಳು, ರಸ್ತೆಬದಿಯಲ್ಲಿ ಸಿಹಿಗುಂಬಳದ ರಾಶಿ. ನಮ್ಮ ಕಡೆ ಚೀನಿಕಾಯಿ ಅನ್ನುತ್ತೇವಲ್ಲ, ಅದರದೇ ಬಳಗ. ಬಣ್ಣ ಮಾತ್ರ ಕಿತ್ತಳೆಯನ್ನೂ ನಾಚಿಸುವಂಥದ್ದು. ಹ್ಯಾಲೊವೀನ್ ಹಬ್ಬಕ್ಕೆ ಮೂಲದಲ್ಲಿ ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಚಳಿಗಾಲ ಕಾಲಿಡುವ ಹೊತ್ತಿನ ಸಾವಿನ್ ಎಂಬ ಹಳೆಯ ಕೆಲ್ಟಿಕ್ ಹಬ್ಬ, ಕ್ರೈಸ್ತರ ಸರ್ವಸಂತರ ದಿನದ ಮುನ್ನಾದಿನವಾಗಿ ಉಳಿದುಕೊಂಡಿತು. ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಹತ್ತಿ ಬಂದ ವಲಸಿಗರಿಗೆ ಇಲ್ಲಿ ದೊಡ್ಡ, ಮೆತ್ತನೆಯ ಕುಂಬಳ ಸಿಕ್ಕಿತು. ಕಣ್ಣು, ಮೂಗು, ಹಲ್ಲು ಕೊರೆದು ಬಾಗಿಲಲ್ಲಿಟ್ಟ ಕುಂಬಳ ನೋಡಿದರೆ ಯಾವ ಕನ್ನಡಿಗರಿಗೂ ಹೊಸ ಮನೆಗೆ ಕಟ್ಟುವ ದೃಷ್ಟಿಗುಂಬಳ ನೆನಪಾಗದಿರದು.

ಕುಂಬಳ ಕೊಳ್ಳಲು ಕಾರು ನಿಲ್ಲಿಸಿದ ಹೊಲದಲ್ಲಿ ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ವಾಸನೆ. ಸೇಬಿನ ರಸ ಬೆರೆಸಿದ ಹಿಟ್ಟನ್ನು ಕಣ್ಣೆದುರೇ ಕರಿದು, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ ಕೊಡುವ ಡೋನಟ್. ಬಿಸಿ ಎಣ್ಣೆ, ದಾಲ್ಚಿನ್ನಿ, ಹುಲ್ಲಿನ ಘಮ ಸೇರಿ ಹಸಿವಿಲ್ಲದವರ ಬಾಯಲ್ಲೂ ನೀರೂರಿಸುತ್ತಿತ್ತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ತುಪ್ಪದ ಕಂಪನ್ನು ದಾಟಿ ದಾಟಿ ಅಭ್ಯಾಸವಾದ ಟೀಚರು ಇಲ್ಲೂ ಅದೇ ಉಪಾಯ ಮಾಡಿದರು: ಮೊದಲು ಹೊಟ್ಟೆ ತುಂಬಿಸಿಕೊಳ್ಳುವುದು. ಕಾರಿನಲ್ಲೇ ಕೂತು ಪನೀರ್ ಪಲ್ಯ ತಿಂದರು, ಬಾದಾಮಿ ಅಗಿದರು, ಆಮೇಲೆ ಇಳಿದು ಕುಂಬಳ ಆರಿಸಲು ಹೋದರು.

ಫಿಲಡೆಲ್ಫಿಯಾದ ಅಂಚು ಹಾಯುವಾಗ ಕತ್ತಲಾಗಿತ್ತು, ಊರೊಳಗೆ ಇಳಿಯಲಿಲ್ಲ. ಆದರೆ ಈ ಹಬ್ಬದ ಎರಡು ಎಳೆ ಆ ಊರಿನವು. ಹಳದಿ, ಕಿತ್ತಳೆ, ಬಿಳಿ ಪಟ್ಟೆಯ ‘ಕ್ಯಾಂಡಿ ಕಾರ್ನ್’ ಎಂಬ ಜೋಳದ ಕಾಳಿನಂಥ ಸಕ್ಕರೆ ಗುಳಿಗೆ 1880ರ ದಶಕದಲ್ಲಿ ಅಲ್ಲಿನ ವುಂಡರ್ಲೆ ಕಂಪನಿಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಇನ್ನೊಂದು ಮೇಲಾದದ್ದು. 1950ರಲ್ಲಿ ಅಲ್ಲಿನ ಪಾದ್ರಿ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ, ಹಬ್ಬದ ಸಂಜೆ ವೇಷ ತೊಟ್ಟು ಮಿಠಾಯಿ ಕೇಳಲು ಮನೆ ಮನೆಗೆ ಹೋಗುವ ಮಕ್ಕಳ ಕೈಗೆ ಹಾಲಿನ ಖಾಲಿ ಡಬ್ಬಿ ಕೊಟ್ಟು ಯುನಿಸೆಫ್‌ಗಾಗಿ ಚಿಲ್ಲರೆ ಕೂಡಿಸಿದರು. ಮೊದಲ ಸಲ ಸೇರಿದ್ದು 17 ಡಾಲರ್. ದೇಶದ ಉದ್ದಗಲಕ್ಕೆ ಆ ಪದ್ಧತಿ ಹಬ್ಬಿತು. ಬಾಗಿಲು ತಟ್ಟಿದ ಮಗುವಿಗೆ ಸಿಹಿಯನ್ನೇ ಕೊಡಬೇಕೆಂಬ ಕಟ್ಟುಪಾಡು ಹಳೆಯದಲ್ಲ. ಮೊದಮೊದಲು ಹಣ್ಣು, ಅಕ್ರೂಟ, ಮನೆಯಲ್ಲಿ ಸುಟ್ಟ ಬಿಸ್ಕತ್ತು, ನಾಣ್ಯ ಎಲ್ಲವೂ ನಡೆಯುತ್ತಿತ್ತು. 1942ರಿಂದ 1947ರವರೆಗೆ ಸಕ್ಕರೆಗೆ ರೇಷನ್ ಇದ್ದಾಗ ಹಬ್ಬವೇ ಮಂಕಾಗಿತ್ತು. 1974ರಲ್ಲಿ ಟೆಕ್ಸಾಸ್‌ನಲ್ಲಿ ತಂದೆಯೊಬ್ಬ ವಿಮೆ ಹಣಕ್ಕಾಗಿ ತನ್ನ ಮಗನಿಗೇ ವಿಷದ ಮಿಠಾಯಿ ತಿನ್ನಿಸಿ ಕೊಂದ ಮೇಲೆ ಜನರ ಭಯ ಇಮ್ಮಡಿಸಿತು. ಅಪರಿಚಿತರು ಹಂಚಿದ ಮಿಠಾಯಿಯಿಂದ ಮಕ್ಕಳು ಸತ್ತ ದಾಖಲೆಗಾಗಿ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ದಶಕಗಟ್ಟಲೆ ಹುಡುಕಿದ್ದಾರೆ. ಅಂಥ ಒಂದು ಖಚಿತ ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ಭಯ ಮಾತ್ರ ಹೋಗಲಿಲ್ಲ. ಕಾರ್ಖಾನೆಯ ಮೊಹರು ಇದ್ದ ಪೊಟ್ಟಣವೇ ಬೇಕೆಂದಾಯಿತು. ಟೀಚರು ಕೋಡುಬಳೆ ಮಾಡಿ ಹಂಚೋಣವೆಂದಾಗ ಮಗಳು, “ಅಮ್ಮಾ, ಮನೇಲಿ ಮಾಡಿದ್ದನ್ನ ಇಲ್ಲಿ ಯಾರೂ ತಗೊಳಲ್ಲ” ಎಂದದ್ದರ ಹಿಂದೆ ಇಷ್ಟೆಲ್ಲ ಇತಿಹಾಸವಿದೆ.

ಮನೆಗೆ ಬಂದ ಮೇಲೆ, ಮಕ್ಕಳಿಗೆ ಹಂಚುವ ಬಟ್ಟಲಿಗೆ ಏನು ತುಂಬಬೇಕೆಂಬ ಚರ್ಚೆ ನಡೆಯಿತು. ಅಳಿಯ ಪ್ರತಿ ವರ್ಷ ತರುತ್ತಿದ್ದದ್ದು ರೀಸಸ್, ಸ್ನಿಕರ್ಸ್ ಬೆರೆತ ದೊಡ್ಡ ಮೂಟೆ. ರೀಸಸ್ ಎಂದರೆ ಚಾಕೊಲೇಟ್ ಬಟ್ಟಲಿನೊಳಗೆ ಉಪ್ಪುಪ್ಪಾದ ಕಡಲೆಕಾಯಿ ಹೂರಣ. ಹರ್ಷಿಯ ಹಾಲಿನ ಫಾರಂನಲ್ಲಿ ದುಡಿದಿದ್ದ ಎಚ್.ಬಿ. ರೀಸ್ 1928ರಲ್ಲಿ ಅದೇ ಊರಿನಲ್ಲಿ ಮಾಡಿದ್ದು. ಕಡಲೆಕಾಯಿ ಚಿಕ್ಕಿ ತಿಂದು ಬೆಳೆದ ನಾಲಿಗೆಗೆ ಅದಕ್ಕಿಂತ ದೊಡ್ಡ ಬಲೆ ಇಲ್ಲ. ಎರಡು ಬಟ್ಟಲಿನ ಒಂದು ಪೊಟ್ಟಣದಲ್ಲಿ ಸುಮಾರು 24 ಗ್ರಾಂ ಪಿಷ್ಟ. ಹಬ್ಬಕ್ಕೆಂದು ಮಾಡುವ ಸ್ನಿಕರ್ಸ್ ಚೂರಿನಲ್ಲಿ ಹತ್ತು ಗ್ರಾಂ ಆಸುಪಾಸು. ಚಿಕ್ಕದೆಂಬ ಕಾರಣಕ್ಕೇ ಅದರ ಲೆಕ್ಕ ತಪ್ಪುತ್ತದೆ. ಐದು ಚೂರು ತಿಂದವರು ತಾವು ಒಂದು ಪೂರ್ತಿ ಬಾರ್‌ಗಿಂತ ಹೆಚ್ಚು ತಿಂದೆವೆಂದು ಎಣಿಸುವುದಿಲ್ಲ. ಹರ್ಷಿಯಲ್ಲಿ ಕೇಳಿದ ಆಲೂಗಡ್ಡೆ ಚಾಕೊಲೇಟಿನ ಕತೆ ಇಲ್ಲಿ ಕೆಲಸಕ್ಕೆ ಬಂತು. “ನನಗೆ ಸೇರದೇ ಇರೋದನ್ನೇ ತನ್ನಿ” ಎಂದರು ಟೀಚರು. ಹುಳಿ ಪುಡಿ ಉದುರಿಸಿದ, ಹಲ್ಲಿಗೆ ಅಂಟುವ, ಹಣ್ಣಿನ ಹೆಸರಿನ ಬಣ್ಣದ ಮಿಠಾಯಿಗಳು ಬಂದವು. ಅದರಲ್ಲಿ ಇನ್ನೊಂದು ಅನುಕೂಲ: ಸಕ್ಕರೆ ದಿಢೀರನೆ ಕುಸಿದವರಿಗೆ ಬೇಕಾಗುವುದೂ ಇಂಥದ್ದೇ. ಚಾಕೊಲೇಟಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ, ಇವು ಬೇಗ ಸೇರುತ್ತವೆ. ಜೊತೆಗೆ ಒಂದು ಪೆಟ್ಟಿಗೆ ಬಣ್ಣದ ಪೆನ್ಸಿಲ್, ಸ್ಟಿಕ್ಕರ್. ನೀಲಿಹಸಿರು ಬಣ್ಣ ಬಳಿದ ಕುಂಬಳವನ್ನು ಮನೆ ಮುಂದಿಟ್ಟರೆ ಅಲ್ಲಿ ತಿನ್ನದ ಉಡುಗೊರೆಯೂ ಉಂಟೆಂದು ಅರ್ಥ. ಆಹಾರ ಅಲರ್ಜಿಯ ಮಕ್ಕಳಿಗಾಗಿ ಟೆನೆಸಿಯಲ್ಲಿ ಶುರುವಾಗಿ, 2014ರಿಂದ ದೇಶವೆಲ್ಲ ಹರಡಿದ ಪದ್ಧತಿ ಅದು. ಮೊಮ್ಮಗಳು ತಾನೇ ಕುಂಚ ಹಿಡಿದು ಬಳಿದಳು. ಇನ್ನೊಂದು ಕುಂಬಳ ಕೊರೆದಾಗ ತೆಗೆದ ಬೀಜಗಳನ್ನು ಟೀಚರು ತೊಳೆದು, ಒರೆಸಿ, ಉಪ್ಪು ಖಾರ ಹಚ್ಚಿ ಓವನ್‌ನಲ್ಲಿ ಗರಿಗರಿ ಮಾಡಿದರು. ಸಿಪ್ಪೆ ಬಿಡಿಸಿದ ತಿರುಳು ಒಂದು ಹಿಡಿ ತಿಂದರೆ ಪಿಷ್ಟ ನಾಲ್ಕೈದು ಗ್ರಾಂ, ಪ್ರೋಟೀನು ಎಂಟು.

ಆ ವರ್ಷ ಅಕ್ಟೋಬರ್ 31ರಂದೇ ನರಕ ಚತುರ್ದಶಿ. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಹ್ಯಾಲೊವೀನ್. ಎಡಿಸನ್‌ನ ಭಾರತೀಯರ ಬೀದಿಗಳಲ್ಲಿ ಒಂದೇ ಹೊಸ್ತಿಲ ಮೇಲೆ ಹಣತೆಯೂ ಕುಂಬಳವೂ ಕೂತಿದ್ದವು. ಹವೆಯೂ ವಿಚಿತ್ರ. ನಡುಕ ಹುಟ್ಟಿಸಬೇಕಾದ ದಿನಗಳಲ್ಲಿ 27 ಡಿಗ್ರಿ ಸೆಲ್ಸಿಯಸ್ ಸೆಖೆ, ಮಕ್ಕಳು ಕೋಟಿಲ್ಲದೆ ಹೊರಬಿದ್ದಿದ್ದರು. ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದನ್ನು ಅಮೆರಿಕದಲ್ಲಿ 2007ರಿಂದ ನವೆಂಬರ್‌ನ ಮೊದಲ ಭಾನುವಾರಕ್ಕೆ ದೂಡಿರುವುದರಿಂದ ಹಬ್ಬದ ಸಂಜೆಗೆ ಒಂದು ಗಂಟೆ ಹೆಚ್ಚು ಬೆಳಕೂ ಉಂಟು. ಟೀಚರು ರೇಷ್ಮೆ ಸೀರೆ ಉಟ್ಟು, ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಬಟ್ಟಲು ಇಟ್ಟು ಕೂತರು.

ಮಕ್ಕಳು ಬಂದವು. ಬ್ಯಾಟ್‌ಮನ್, ಮಾಟಗಾತಿ, ಜೇಡ, ರಾಜಕುಮಾರಿ. “ಟ್ರಿಕ್ ಆರ್ ಟ್ರೀಟ್!” ಅಪ್ಪ ಅಮ್ಮಂದಿರು ಕಾಲುಹಾದಿಯಲ್ಲೇ ನಿಂತು ಕೈ ಬೀಸುವರು. ಮೂರು ನಾಲ್ಕು ವರ್ಷದ ಒಂದು ಜೇನುಹುಳ ಬಟ್ಟಲೊಳಗೆ ಮೊಣಕೈವರೆಗೂ ಕೈ ಇಳಿಸಿ, ಕೆಂಪು ಪೊಟ್ಟಣ ಎತ್ತಿ, ಬಿಟ್ಟು, ಹಸಿರು ಎತ್ತಿ, ಅದನ್ನೂ ಬಿಟ್ಟು, ಕೊನೆಗೆ ಒಂದು ಪೆನ್ಸಿಲ್ ಹಿಡಿದುಕೊಂಡು ಓಡಿತು. ಹಿಂದಿನಿಂದ ತಾಯಿಯ ದನಿ: “ಥ್ಯಾಂಕ್ಯೂ ಹೇಳು ಪುಟ್ಟಾ.” ಕನ್ನಡ ಕೇಳಿ ಟೀಚರು ಎದ್ದು ನಿಂತರು. ಆಕೆ ಹಾಸನದ ಕಡೆಯವರು. ನೀವೂ ಒಂದು ತಗೊಳ್ಳಮ್ಮಾ ಎಂದು ಬಟ್ಟಲು ಚಾಚಿದಾಗ, “ಬೇಡ ಆಂಟಿ. ಇವಳು ಹೊಟ್ಟೇಲಿದ್ದಾಗ ಶುಗರ್ ಬಂದಿತ್ತು. ಹೆರಿಗೆ ಆದ್ಮೇಲೆ ಹೋಯ್ತು, ಆದರೂ ಡಾಕ್ಟ್ರು ಹುಷಾರಾಗಿರಿ ಅಂದಿದಾರೆ” ಎಂದರು. ಡಾಕ್ಟರು ಹೇಳಿದ್ದು ಸರಿಯೇ. ಬಸುರಿನಲ್ಲಿ ಮಧುಮೇಹ ಬಂದು ಹೋದವರಿಗೆ ಮುಂದೆ ಅದು ಕಾಯಂ ಆಗಿ ಬರುವ ಸಂಭವ ಹೆಚ್ಚು. ಟೀಚರು ಒತ್ತಾಯ ಮಾಡಲಿಲ್ಲ. ಒಳಗಿನಿಂದ ಹುರಿದ ಕುಂಬಳಬೀಜ ತಂದು ಅಂಗೈಗೆ ಹಾಕಿದರು. ಆಕೆ ಅಲ್ಲೇ ನಿಂತು ತಿಂದರು.

ನಮ್ಮ ಊರುಗಳಲ್ಲಿ ಸಿಹಿ ಬರುವುದು ಮನುಷ್ಯರ ಮೂಲಕ. ಮದುವೆ ಪಂಕ್ತಿಯಲ್ಲಿ ಬಡಿಸುವವರು ಎಲೆಯ ಮೇಲೆ ಬಗ್ಗಿ, ಒಂದು ಚೂರು ತಿಂದರೆ ಏನೂ ಆಗಲ್ಲ, ತಗೊಳ್ಳಿ ಎಂದು ಉಪಚಾರ ಮಾಡುತ್ತಾರೆ. ಅಂಥ ಕಡೆ ಬೇಡ ಎನ್ನುವ ವಿದ್ಯೆಯನ್ನು ಟೀಚರು ಕಷ್ಟಪಟ್ಟು ಕಲಿತಿದ್ದರು: ನಗುತ್ತ ಎಲೆಗೆ ಅಡ್ಡ ಕೈ ಹಿಡಿಯುವುದು, ಪಾಯಸದ ಬದಲು ಮಜ್ಜಿಗೆ ಕೇಳುವುದು. ಅಮೆರಿಕದ ಈ ಹಬ್ಬದಲ್ಲಿ ದೊಡ್ಡವರನ್ನು ತಿನ್ನಿ ಎಂದು ಒತ್ತಾಯಿಸುವವರೇ ಇಲ್ಲ. ದೊಡ್ಡವರ ಪಾಲಿನ ಹಬ್ಬವೆಂದರೆ ಕೊಡುವುದು. ಸಂಜೆಯೆಲ್ಲ ಕೈಯಲ್ಲಿ ಮಿಠಾಯಿ ಆಡಿದರೂ ಅವರಿಗೆ ಒಂದು ಸಲವೂ ಬಾಯಿಗೆ ಹಾಕಬೇಕೆನಿಸಲಿಲ್ಲ. ಕಷ್ಟವಿರುವುದು ರಾತ್ರಿ ಎಂಟೂವರೆಯ ಮೇಲೆ. ಬೀದಿ ಖಾಲಿಯಾಗುತ್ತದೆ, ಮನೆಯವರು ಮಲಗುತ್ತಾರೆ, ಅಡುಗೆಮನೆಯ ಕಟ್ಟೆಯ ಮೇಲೆ ಉಳಿದ ಬಟ್ಟಲು ಒಂಟಿಯಾಗಿ ಕೂತಿರುತ್ತದೆ. ಉಪಚಾರ ಮಾಡುವವರ ಎದುರು ಬೇಡ ಎನ್ನಬಹುದು. ಯಾರೂ ಕೇಳದ, ಯಾರೂ ನೋಡದ ಕಡೆ ಬೇಡ ಎನ್ನಲು ಎದುರಿಗೆ ಯಾರೂ ಇರುವುದಿಲ್ಲ. ಒಬ್ಬರೇ ಬದುಕುವ ವಯಸ್ಸಾದವರ ಮಧುಮೇಹದ ಬಗ್ಗೆ ಮಾತಾಡುವಾಗ ವೈದ್ಯರೂ ಬಂಧುಗಳೂ ಈ ರಾತ್ರಿಯ ಹೊತ್ತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಆ ರಾತ್ರಿ ಬಟ್ಟಲು ಕಟ್ಟೆಯ ಮೇಲೆ ಉಳಿಯಲಿಲ್ಲ. ಮಿಕ್ಕದ್ದನ್ನು ಅಳಿಯ ಆಗಲೇ ಚೀಲಕ್ಕೆ ಸುರಿದು ಕಾರಿನ ಡಿಕ್ಕಿಯಲ್ಲಿಟ್ಟಿದ್ದರು. ಕೆಲವು ಊರುಗಳಲ್ಲಿ ದಂತವೈದ್ಯರು ಮಕ್ಕಳಿಂದ ಹೀಗೆ ಉಳಿದ ಮಿಠಾಯಿಯನ್ನು ತೂಕಕ್ಕೆ ಕೊಂಡು ಸೈನಿಕರಿಗೆ ಕಳಿಸುವುದೂ ಉಂಟು. ಇನ್ನು ಉಳಿದಿದ್ದು ಮೊಮ್ಮಗಳ ಚೀಲ. ಅವಳು ನೆಲದ ಮೇಲೆ ಎಲ್ಲ ಸುರಿದು ಜಾತಿವಾರು ವಿಂಗಡಿಸಿದಳು: ಚಾಕೊಲೇಟ್ ಒಂದು ಕಡೆ, ಹುಳಿ ಒಂದು ಕಡೆ, ತನಗೆ ಬೇಡದ್ದು ಅಪ್ಪನಿಗೆ. ಆಮೇಲೆ ರೀಸಸ್‌ನ ಪುಟ್ಟ ಬಟ್ಟಲೊಂದನ್ನು ತಂದು ಅಜ್ಜಿಯ ಮುಂದೆ ಹಿಡಿದಳು. “ಅಜ್ಜಿ, ಇದು ನಿಂಗೆ. ಬೆಸ್ಟ್ ಒಂದು ನಿಂಗೇ ಎತ್ತಿಟ್ಟಿದ್ದೆ.”

ಇದು ಉಪಚಾರವಲ್ಲ, ಉಡುಗೊರೆ. ಬೇಡ ಎಂದರೆ ಆ ಮಗುವಿಗೆ ಹಬ್ಬ ಕೆಡುತ್ತದೆ. ಟೀಚರು ಕಾಗದದ ಹಿಂಬದಿ ತಿರುಗಿಸಲಿಲ್ಲ, ಅಷ್ಟು ಗಾತ್ರದ ಒಂದು ಬಟ್ಟಲಿಗೆ ಐದು ಗ್ರಾಂ ಪಿಷ್ಟವೆಂದು ಅವರಿಗೆ ಗೊತ್ತಿತ್ತು. ಊಟಕ್ಕೆ ಕೂತರು. ಪಾಲಕ್ ಪನೀರ್, ಹುರುಳಿಕಾಯಿ ಪಲ್ಯ, ಮೊಸರು. ತರಕಾರಿ, ಪ್ರೋಟೀನು ಮೊದಲು ಹೋಗಿ ಪಿಷ್ಟ ಕೊನೆಗೆ ಬಂದರೆ ಊಟದ ನಂತರದ ಗ್ಲುಕೋಸ್ ಅಷ್ಟು ಜಿಗಿಯುವುದಿಲ್ಲ ಎಂದು ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಊಟವಾದ ಮೇಲೆ, ದೀಪ ಉರಿಯುತ್ತಿರುವ ಮೇಜಿನಲ್ಲಿ, ಎಲ್ಲರ ಎದುರಿಗೆ, ಆ ಬಟ್ಟಲನ್ನು ಚಾಕುವಿನಿಂದ ಎರಡು ಹೋಳು ಮಾಡಿದರು. ಒಂದು ಹೋಳು ಮೊಮ್ಮಗಳಿಗೆ, ಒಂದು ತಮಗೆ. ನಿಧಾನವಾಗಿ ತಿಂದರು. ಚೆನ್ನಾಗಿತ್ತು.

ಮರುದಿನ ನವೆಂಬರ್ 1. ಅಂಗಡಿಯಲ್ಲಿ ನಿನ್ನೆಯವರೆಗೆ ಪೂರ್ತಿ ಬೆಲೆಗೆ ಮಾರಿದ ಮಿಠಾಯಿ ಮೂಟೆಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿತ್ತು. ಪಕ್ಕದ ಸಾಲಿನಲ್ಲಿ ಆಗಲೇ ಕ್ರಿಸ್‌ಮಸ್‌ನ ಕೆಂಪು ಬಿಳಿ ಪಟ್ಟೆಯ ಸಕ್ಕರೆ ಕೋಲುಗಳು. ತಾಯಿ ಮಗಳು ಆ ಸಾಲಿಗೆ ಹೋಗದೆ ಮೊಟ್ಟೆ, ಪಾಲಕ್, ಬೆಣ್ಣೆ ಕೊಂಡು ಬಂದರು. ಮಧ್ಯಾಹ್ನ ಕನ್ನಡ ಕೂಟದವರ ಫೋನು ಬಂತು. ರಾಜ್ಯೋತ್ಸವವನ್ನು ಮುಂದಿನ ವಾರಾಂತ್ಯಕ್ಕೆ ಇಟ್ಟುಕೊಂಡಿದ್ದರು, ಊಟಕ್ಕೆ ಎಷ್ಟು ಜನ ಎಂದು ಕೇಳಲು.

“ಊಟಕ್ಕೆ ಏನೇನು ಮಾಡ್ತಿದೀರಿ?” ಟೀಚರು ಫೋನು ಇಸಿದುಕೊಂಡು ಕೇಳಿದರು.

“ಬಿಸಿಬೇಳೆಬಾತ್, ಕೋಸಂಬರಿ, ಎರಡು ಪಲ್ಯ, ಮೊಸರನ್ನ, ಮಜ್ಜಿಗೆ. ಹೋಳಿಗೆ ಅಂತೂ ಇದ್ದೇ ಇರತ್ತೆ ಆಂಟಿ, ತುಪ್ಪದ ಜೊತೆ.”

“ಹೋಳಿಗೆ ಯಾವ ಕಡೆ ಇಡ್ತೀರಿ?”

ಬಾಗಿಲ ಪಕ್ಕದಲ್ಲೇ, ಬಂದವರಿಗೆ ಮೊದಲು ಸಿಹಿ ಸಿಗಲಿ ಎಂದು, ಎಂದಿತು ಆ ಕಡೆಯ ದನಿ. ಹಾಗಾದರೆ ಕೋಸಂಬರಿ, ಮಜ್ಜಿಗೆಯ ಮೇಜನ್ನು ಒಳಗಿನ ಕೊನೆಯಲ್ಲಿ ಹಾಕಿ, ಅಲ್ಲಿ ಬಡಿಸೋಕೆ ನಾನು ನಿಲ್ತೀನಿ ಎಂದು ಟೀಚರು ಹೇಳಿ ಹೆಸರು ಬರೆಸಿದರು. ಶುಗರ್ ಇರುವವರು ಕೂಟದಲ್ಲಿ ಇನ್ನೂ ಎಷ್ಟು ಜನ ಇದ್ದಾರೆ, ಅವರಿಗೆ ಅನ್ನದ ಬದಲು ಇನ್ನೊಂದು ಪಲ್ಯ ಹೆಚ್ಚಿಗೆ ಮಾಡಿಸಬಹುದೇ ಎಂದೂ ವಿಚಾರಿಸಿದರು. ಕೇಳಿ ಹೇಳ್ತೀನಿ ಎಂದವರು ಅರ್ಧ ಗಂಟೆಯಲ್ಲಿ ಮತ್ತೆ ಫೋನು ಮಾಡಿದರು: ಪಟ್ಟಿ ಉದ್ದವಿದೆ, ಪಲ್ಯ ಮೂರು ಮಾಡಿಸೋಣ.